ಇರುವ ಇಮೇಲ್ ಖಾತೆಯನ್ನು ಕಂಪ್ಯೂಟರ್‌ನ ಥಂಡರ್‌ಬರ್ಡ್‌ಗೆ ಜೋಡಿಸುವುದು: ಸಮಗ್ರ ಮಾರ್ಗದರ್ಶಿ

ನಿಮ್ಮ ಹತ್ತಿರ ಈಗಾಗಲೇ ಒಂದು ಇಮೇಲ್ ವಿಳಾಸ ಇದೆ. ಜಿಮೇಲ್ ಇರಬಹುದು, ಯಾಹೂ ಇರಬಹುದು, ಕಚೇರಿಯವರು ಕೊಟ್ಟದ್ದಿರಬಹುದು. ಇಷ್ಟು ದಿನ ಬ್ರೌಸರ್‌ನಲ್ಲಿ ತೆರೆದು ನೋಡುತ್ತಿದ್ದಿರಿ. ಈಗ ಅದು ಕಂಪ್ಯೂಟರ್‌ನಲ್ಲಿರುವ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದೊಳಗೆ ಬರಬೇಕು. ಎಲ್ಲ ಸರಿಯಾಗಿ ಹೋದರೆ ಐದು ನಿಮಿಷದ ಕೆಲಸ. ಆದರೆ ಸರಿಯಾದ ಪಾಸ್‌ವರ್ಡ್ ಹಾಕಿದರೂ 'ಪಾಸ್‌ವರ್ಡ್ ತಪ್ಪು' ಎಂದು ಬಂದಾಗ ತುಂಬಾ ಜನ ಅಲ್ಲೇ ಕೈಬಿಡುತ್ತಾರೆ. ಅಂಥವರಿಗಾಗಿಯೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ತಂತ್ರಾಂಶ ನಿಮಗೆ ಹೊಸ ಖಾತೆ ಮಾಡಿಕೊಡುವುದಿಲ್ಲ. ಖಾತೆ ಇರುವುದು ಗೂಗಲ್ ಅಥವಾ ಯಾಹೂ ಸರ್ವರ್‌ನಲ್ಲಿ, ತಂತ್ರಾಂಶ ಅಲ್ಲಿಗೆ ಹೋಗಿ ಬರುತ್ತದೆ ಅಷ್ಟೆ. ಹಾಗೆ ಹೋಗಿ ಬರಲು ಅದಕ್ಕೆ ಮೂರು ವಿಷಯ ಗೊತ್ತಿರಬೇಕು: ಮೇಲ್ ಎಲ್ಲಿಂದ ತರಬೇಕು, ಎಲ್ಲಿಂದ ಕಳಿಸಬೇಕು, ನೀವು ನೀವೇ ಎಂದು ಹೇಗೆ ತೋರಿಸಬೇಕು. ಮುಂದೆ ಬರುವ ಪ್ರತಿಯೊಂದು ತೊಂದರೆಯೂ ಈ ಮೂರರಲ್ಲಿ ಒಂದರದ್ದೇ ಆಗಿರುತ್ತದೆ. ಯಾವುದರದ್ದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಥಂಡರ್‌ಬರ್ಡ್ ಯಾಕೆ

ಥಂಡರ್‌ಬರ್ಡ್ ಉಚಿತ, ಮುಕ್ತ ತಂತ್ರಾಂಶ. ಫೈರ್‌ಫಾಕ್ಸ್ ಮಾಡಿದ ಮೊಜಿಲ್ಲಾದಿಂದಲೇ ಬಂದದ್ದು, ಮೊದಲ ಆವೃತ್ತಿ 2004ರ ಡಿಸೆಂಬರ್‌ನಲ್ಲಿ ಹೊರಬಂತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ವಿಂಡೋಸ್ ಜೊತೆಗೇ ಬರುತ್ತಿದ್ದ 'ಮೇಲ್' ಆ್ಯಪ್ ಅನ್ನು ಬಹಳ ಜನ ಬಳಸುತ್ತಿದ್ದರು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2024ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಅದರ ಜಾಗಕ್ಕೆ ಬಂದಿರುವುದು ಹೊಸ ಔಟ್‌ಲುಕ್. ಅದೂ ಕೆಲಸ ಮಾಡುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಅದಕ್ಕೆ ನಿಮ್ಮ ಜಿಮೇಲ್ ಅಥವಾ ಯಾಹೂ ಸೇರಿಸಿದರೆ ಆ ಮೇಲ್‌ಗಳು ಮೈಕ್ರೋಸಾಫ್ಟ್‌ನ ಕ್ಲೌಡ್‌ಗೂ ಹೋಗಿ ಕೂರುತ್ತವೆ. ಥಂಡರ್‌ಬರ್ಡ್‌ನಲ್ಲಿ ಹಾಗಿಲ್ಲ. ನಿಮ್ಮ ಸರ್ವರ್, ನಿಮ್ಮ ಕಂಪ್ಯೂಟರ್, ನಡುವೆ ಮೂರನೆಯವರು ಇಲ್ಲ. ನನಗೆ ಇದು ದೊಡ್ಡ ವಿಷಯ.

ಇನ್ನೊಂದು ಕಾರಣ ನೆಟ್. ಮಲೆನಾಡಿನ ಊರುಗಳಲ್ಲಿ ಮಳೆಗಾಲ ಬಂತೆಂದರೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ ಅನ್ನುವ ದಿನಗಳು ಇರುತ್ತವೆ ಅಲ್ವಾ. ಮೇಲ್‌ಗಳು ನಿಮ್ಮ ಡಿಸ್ಕ್‌ನಲ್ಲೇ ಇದ್ದರೆ ನೆಟ್ ಇಲ್ಲದಾಗಲೂ ಹಳೆಯದನ್ನು ಓದಬಹುದು, ಹುಡುಕಬಹುದು, ಉತ್ತರ ಬರೆದು ಇಡಬಹುದು. ಬರೆದ ಮೇಲೆ ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಔಟ್‌ಬಾಕ್ಸ್‌ನಲ್ಲಿ ಕಾಯುತ್ತದೆ. ನೆಟ್ ಬಂದಾಗ ಕಳಿಸಬಹುದು.

ಐಮ್ಯಾಪ್ ಅಥವಾ ಪಾಪ್: ಇದನ್ನು ಮೊದಲು ತೀರ್ಮಾನಿಸಿ

ಮೇಲ್ ತರುವುದಕ್ಕೆ ಎರಡು ದಾರಿ ಇದೆ. ಒಂದು ಐಮ್ಯಾಪ್, ಇನ್ನೊಂದು ಪಾಪ್3. ತಂತ್ರಾಂಶ ಇದನ್ನು ನಿಮ್ಮನ್ನೇ ಕೇಳುತ್ತದೆ. ಆಗ ಸುಮ್ನೆ ಯಾವುದೋ ಒಂದನ್ನು ಒತ್ತಬೇಡಿ.

ಪಾಪ್ ಎಂದರೆ ಅಂಚೆ ಕಚೇರಿಗೆ ಹೋಗಿ ನಿಮ್ಮ ಕಾಗದಗಳನ್ನೆಲ್ಲ ಮನೆಗೆ ತಂದುಕೊಂಡ ಹಾಗೆ. ಅಲ್ಲಿಂದ ಮುಂದೆ ಅವು ಮನೆಯಲ್ಲಿ ಮಾತ್ರ ಇರುತ್ತವೆ. ಐಮ್ಯಾಪ್‌ನಲ್ಲಿ ಅಸಲು ಸರ್ವರ್‌ನಲ್ಲೇ ಇರುತ್ತದೆ, ನಿಮ್ಮ ಕಂಪ್ಯೂಟರ್‌ನಲ್ಲಿ ಅದರ ಪ್ರತಿ ಇರುತ್ತದೆ. ಮೊಬೈಲ್‌ನಲ್ಲಿ ಓದಿದ್ದು ಕಂಪ್ಯೂಟರ್‌ನಲ್ಲೂ 'ಓದಿದೆ' ಎಂದೇ ಕಾಣುತ್ತದೆ. ಫೋಲ್ಡರ್ ಮಾಡಿದರೆ ಎಲ್ಲ ಕಡೆ ಕಾಣುತ್ತದೆ.

ಇವತ್ತು ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹಾಗಾಗಿ ಐಮ್ಯಾಪ್ ತೆಗೆದುಕೊಳ್ಳಿ, ನನ್ನ ಸಲಹೆ ಇದೇ. ಆದರೆ ಐಮ್ಯಾಪ್‌ನಲ್ಲಿ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ, ಇದನ್ನು ಮರೆಯಬೇಡಿ. 'ಕಂಪ್ಯೂಟರ್‌ಗೆ ಬಂತಲ್ಲ, ಇನ್ನು ಜಿಮೇಲ್‌ನಲ್ಲಿ ಡಿಲೀಟ್ ಮಾಡೋಣ' ಎಂದು ಜಾಗ ಖಾಲಿ ಮಾಡಲು ಹೊರಟರೆ ಕಂಪ್ಯೂಟರ್‌ನಲ್ಲಿದ್ದ ಪ್ರತಿಯೂ ಹೋಗುತ್ತದೆ. ಐಮ್ಯಾಪ್ ಬ್ಯಾಕಪ್ ಅಲ್ಲ. ಹಳೆಯ ಮೇಲ್‌ಗಳನ್ನು ನಿಜವಾಗಿಯೂ ಇಟ್ಟುಕೊಳ್ಳುವ ದಾರಿ ಬೇರೆ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಯಾವುದೋ ಕಾರಣಕ್ಕೆ ಪಾಪ್ ಬೇಕೇ ಬೇಕು ಎಂದಾದರೆ, ಖಾತೆ ಸೇರಿಸಿದ ತಕ್ಷಣ 'ಸರ್ವರ್ ಸೆಟ್ಟಿಂಗ್ಸ್'‌ಗೆ ಹೋಗಿ 'ಲೀವ್ ಮೆಸೇಜಸ್ ಆನ್ ಸರ್ವರ್' ಎಂಬಲ್ಲಿ ಗುರುತು ಇದೆಯೇ ನೋಡಿ. ಅದರ ಕೆಳಗೇ '14 ದಿನದವರೆಗೆ ಮಾತ್ರ' ಎಂಬ ಅರ್ಥದ ಇನ್ನೊಂದು ಆಯ್ಕೆ ಇರುತ್ತದೆ. ಅದಕ್ಕೆ ಗುರುತು ಇದ್ದರೆ ಎರಡು ವಾರದ ಮೇಲೆ ಸರ್ವರ್‌ನಿಂದ ಮೇಲ್‌ಗಳು ಹೋಗುತ್ತವೆ. ಬೇಡವಾದರೆ ತೆಗೆಯಿರಿ.

ಶುರು ಮಾಡುವ ಮೊದಲು

ಪೂರ್ತಿ ಇಮೇಲ್ ವಿಳಾಸ, ಅದರ ಪಾಸ್‌ವರ್ಡ್, ಖಾತೆಗೆ ಎರಡು ಹಂತದ ಪರಿಶೀಲನೆ ಇದ್ದರೆ ಒಟಿಪಿ ಬರುವ ಮೊಬೈಲ್. ಇಷ್ಟು ಪಕ್ಕದಲ್ಲಿ ಇರಲಿ. ಕಂಪ್ಯೂಟರ್‌ನ ಗಡಿಯಾರ, ತಾರೀಕು ಸರಿಯಾಗಿವೆಯೇ ಎಂದೂ ಒಮ್ಮೆ ನೋಡಿ. ಹಳೆಯ ಕಂಪ್ಯೂಟರ್‌ಗಳಲ್ಲಿ ಬೋರ್ಡ್ ಮೇಲಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಯಾವ ಸರ್ವರ್‌ನ ಸರ್ಟಿಫಿಕೇಟ್ ಅನ್ನೂ, ಅಂದರೆ ಸರ್ವರ್ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರವನ್ನೂ, ತಂತ್ರಾಂಶ ನಂಬುವುದಿಲ್ಲ.

ಡೌನ್‌ಲೋಡ್ ಅನ್ನು ಥಂಡರ್‌ಬರ್ಡ್ ಡಾಟ್ ನೆಟ್ ತಾಣದಿಂದಲೇ ಮಾಡಿ. 'ಉಚಿತ ಸಾಫ್ಟ್‌ವೇರ್' ಎಂದು ಸರ್ಚ್ ಮಾಡಿದಾಗ ಮೇಲೆ ಬರುವ ಬೇರೆ ತಾಣಗಳಿಂದ ಬೇಡ. ಉಬುಂಟು ಬಳಸುವವರ ಹತ್ತಿರ ಅದು ಮೊದಲೇ ಇರಬಹುದು. ಇನ್ನೂ ವಿಂಡೋಸ್ 7 ಅಥವಾ 8 ಇದ್ದರೆ 115ನೇ ಆವೃತ್ತಿಯೇ ಕೊನೆ, ಅದರ ಮುಂದಿನವು ನಡೆಯುವುದಿಲ್ಲ. ಇನ್‌ಸ್ಟಾಲ್ ಮಾಡುವುದರಲ್ಲಿ ವಿಶೇಷ ಏನೂ ಇಲ್ಲ, ನೆಕ್ಸ್ಟ್ ಒತ್ತುತ್ತಾ ಹೋಗಿ.

ಖಾತೆ ಸೇರಿಸುವುದು, ಜಿಮೇಲ್ ಇಟ್ಟುಕೊಂಡು

ಮೊದಲ ಸಲ ತೆರೆದಾಗ ಖಾತೆ ಸೇರಿಸುವ ಪರದೆ ತಾನೇ ಬರುತ್ತದೆ. ಬರದಿದ್ದರೆ ಮೂರು ಅಡ್ಡಗೆರೆಯ ಮೆನು ಒತ್ತಿ, 'ನ್ಯೂ ಅಕೌಂಟ್' ಆರಿಸಿ, ಅದರೊಳಗೆ ಮೇಲ್ ಖಾತೆಯನ್ನು ಆರಿಸಿ. ಆವೃತ್ತಿಯಿಂದ ಆವೃತ್ತಿಗೆ ಪರದೆಯ ರೂಪ ಸ್ವಲ್ಪ ಬದಲಾಗುತ್ತದೆ. ಕೇಳುವ ವಿಷಯ ಮಾತ್ರ ಅದೇ.

ಮೊದಲು ನಿಮ್ಮ ಹೆಸರು. ಇದು ನೀವು ಕಳಿಸಿದ ಮೇಲ್‌ನಲ್ಲಿ ಬೇರೆಯವರಿಗೆ ಕಾಣುವ ಹೆಸರು. ಕನ್ನಡದಲ್ಲೇ ಬರೆಯಬಹುದು, ನಡೆಯುತ್ತದೆ. ಬ್ಯಾಂಕು, ಕಚೇರಿಗಳ ಜೊತೆ ಜಾಸ್ತಿ ವ್ಯವಹಾರ ಇದ್ದರೆ ಇಂಗ್ಲಿಷ್‌ನಲ್ಲೇ ಇರಲಿ, ಅವರಿಗೆ ಹುಡುಕಲು ಸುಲಭ. ಎರಡನೆಯದು ಇಮೇಲ್ ವಿಳಾಸ. ಮೂರನೆಯದು ಪಾಸ್‌ವರ್ಡ್. ಜಿಮೇಲ್ ಆದರೆ ಇದನ್ನು ಇಲ್ಲಿ ಖಾಲಿ ಬಿಟ್ಟರೂ ತೊಂದರೆ ಇಲ್ಲ, ಯಾಕೆ ಎಂದು ಈಗಲೇ ಗೊತ್ತಾಗುತ್ತದೆ.

'ಕಂಟಿನ್ಯೂ' ಒತ್ತಿದ ಮೇಲೆ ಥಂಡರ್‌ಬರ್ಡ್ ವಿಳಾಸದಲ್ಲಿ ಆ್ಯಟ್ ಚಿಹ್ನೆಯ ಆಚೆ ಇರುವ ಭಾಗವನ್ನು ನೋಡಿ, ತನ್ನ ಪಟ್ಟಿಯಲ್ಲಿ ಆ ಸೇವೆಯ ಸರ್ವರ್ ವಿವರ ಇದೆಯೇ ಎಂದು ಹುಡುಕುತ್ತದೆ. ದೊಡ್ಡ ಸೇವೆಗಳೆಲ್ಲ ಅದರಲ್ಲಿವೆ. ಸಿಕ್ಕಿದ ಮೇಲೆ ಐಮ್ಯಾಪ್, ಪಾಪ್3 ಎರಡನ್ನೂ ತೋರಿಸುತ್ತದೆ. ಐಮ್ಯಾಪ್ ಆರಿಸಿ, 'ಡನ್' ಒತ್ತಿ.

ಈಗ ಗೂಗಲ್‌ನದ್ದೇ ಲಾಗಿನ್ ಕಿಟಕಿ ತೆರೆಯುತ್ತದೆ. ಅದರಲ್ಲಿ ಪಾಸ್‌ವರ್ಡ್ ಹಾಕಿ, ಮೊಬೈಲ್‌ಗೆ ಬಂದದ್ದನ್ನು ಒಪ್ಪಿ. ಆಮೇಲೆ ಒಂದು ಪುಟ ಬರುತ್ತದೆ. ಥಂಡರ್‌ಬರ್ಡ್ ನಿಮ್ಮ ಮೇಲ್‌ಗಳನ್ನು ಓದಲು, ಬರೆಯಲು, ಕಳಿಸಲು, ಶಾಶ್ವತವಾಗಿ ಅಳಿಸಲು ಅನುಮತಿ ಕೇಳುತ್ತಿದೆ ಎಂದು ಅದರಲ್ಲಿ ಬರೆದಿರುತ್ತದೆ. ಇದನ್ನು ಓದಿ ಹೆದರುವವರು ಇದ್ದಾರೆ. ಹೆದರಬೇಡಿ. ಮೇಲ್ ತಂತ್ರಾಂಶ ಅಂದ ಮೇಲೆ ಓದಬೇಕು, ಕಳಿಸಬೇಕು, ನೀವು ಡಿಲೀಟ್ ಒತ್ತಿದಾಗ ಅಳಿಸಬೇಕು, ಅದಕ್ಕೇ ಕೇಳುವುದು. 'ಅಲೋ' ಒತ್ತಿ. ಈ ಅನುಮತಿಯನ್ನು ಯಾವಾಗ ಬೇಕಾದರೂ ಗೂಗಲ್ ಖಾತೆಯ 'ಸೆಕ್ಯುರಿಟಿ' ಪುಟಕ್ಕೆ ಹೋಗಿ ಹಿಂದಕ್ಕೆ ತೆಗೆದುಕೊಳ್ಳಬಹುದು.

ಹೀಗೆ ಗೂಗಲ್‌ನ ಪುಟದಲ್ಲೇ ಲಾಗಿನ್ ಆಗಿ ತಂತ್ರಾಂಶಕ್ಕೆ ಅನುಮತಿ ಕೊಡುವ ಪದ್ಧತಿಗೆ ಓಆತ್2 ಎನ್ನುತ್ತಾರೆ. ನಿಮ್ಮ ಪಾಸ್‌ವರ್ಡ್ ಥಂಡರ್‌ಬರ್ಡ್‌ನಲ್ಲಿ ಉಳಿಯುವುದಿಲ್ಲ, ಅದರ ಬದಲು ನೀವು ಕೊಟ್ಟ ಅನುಮತಿಯ ಗುರುತಾಗಿ ಒಂದು ಟೋಕನ್ ಉಳಿಯುತ್ತದೆ. ಹಿಂದೆ ಹೀಗಿರಲಿಲ್ಲ, ಬರೀ ಪಾಸ್‌ವರ್ಡ್ ಕೊಟ್ಟರೆ ಸಾಕಿತ್ತು. ವೈಯಕ್ತಿಕ ಖಾತೆಗಳಿಗೆ ಗೂಗಲ್ ಅದನ್ನು 2022ರ ಮೇ 30ರಿಂದ ನಿಲ್ಲಿಸಿತು. ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಿಂದ ನಿಲ್ಲಿಸಿತು. ಸರಿಯಾದ ಪಾಸ್‌ವರ್ಡ್ ಹಾಕಿದರೂ 'ತಪ್ಪು' ಎಂದು ಬರುವುದಕ್ಕೆ ಬಹಳ ಸಲ ಇದೇ ಕಾರಣ. ನಿಮ್ಮ ಪಾಸ್‌ವರ್ಡ್ ತಪ್ಪಲ್ಲ, ಬರೀ ಪಾಸ್‌ವರ್ಡ್ ಕೊಡುವ ಆ ಬಾಗಿಲೇ ಮುಚ್ಚಿದೆ. ಹಳೆಯ ಸಲಹೆಗಳಲ್ಲಿ 'ಲೆಸ್ ಸೆಕ್ಯೂರ್ ಆ್ಯಪ್ಸ್ ಆನ್ ಮಾಡಿ' ಎಂದು ಬರೆದಿರುವುದನ್ನು ಹುಡುಕುತ್ತಾ ಕೂರಬೇಡಿ, ಆ ಆಯ್ಕೆ ಈಗ ಇಲ್ಲ. 'ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಐಮ್ಯಾಪ್ ಆನ್ ಮಾಡಿ' ಎಂಬುದೂ ಹಾಗೆಯೇ. 2025ರ ಜನವರಿಯಿಂದ ವೈಯಕ್ತಿಕ ಜಿಮೇಲ್‌ನಲ್ಲಿ ಐಮ್ಯಾಪ್ ಯಾವಾಗಲೂ ಆನ್ ಆಗಿಯೇ ಇರುತ್ತದೆ.

ಓಆತ್2 ಗೊತ್ತಿಲ್ಲದ ಹಳೆಯ ತಂತ್ರಾಂಶವನ್ನೇ ಬಳಸಬೇಕಾದವರಿಗೆ ಒಂದು ದಾರಿ ಇದೆ. ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ 'ಆ್ಯಪ್ ಪಾಸ್‌ವರ್ಡ್' ಮಾಡಿಕೊಳ್ಳುವುದು. 16 ಅಕ್ಷರದ ಒಂದು ಪಾಸ್‌ವರ್ಡ್ ಕೊಡುತ್ತದೆ, ಅದನ್ನು ಮಾಮೂಲಿ ಪಾಸ್‌ವರ್ಡ್ ಜಾಗದಲ್ಲಿ ಹಾಕಬೇಕು. ನಿಮ್ಮ ಗೂಗಲ್ ಪಾಸ್‌ವರ್ಡ್ ಬದಲಿಸಿದರೆ ಅದು ರದ್ದಾಗುತ್ತದೆ, ಹೊಸದು ಮಾಡಿಕೊಳ್ಳಬೇಕಾಗುತ್ತದೆ.

ಬೇರೆ ಸೇವೆಗಳು

ಸರ್ವರ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನೀವು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಡಾಟ್ ಎಂದಲ್ಲಿ ಚುಕ್ಕಿ ಇಟ್ಟು ಟೈಪ್ ಮಾಡಿ. ಐಮ್ಯಾಪ್ ಎಂದರೆ ಐ, ಎಂ, ಎ, ಪಿ. ಎಸ್‌ಎಂಟಿಪಿ ಎಂದರೆ ಮೇಲ್ ಕಳಿಸುವ ಪದ್ಧತಿ. ಪೋರ್ಟ್ ಎಂದರೆ ಸರ್ವರ್‌ನ ಬಾಗಿಲ ಸಂಖ್ಯೆ ಇದ್ದ ಹಾಗೆ. ಎಸ್‌ಎಸ್‌ಎಲ್/ಟಿಎಲ್‌ಎಸ್, ಸ್ಟಾರ್ಟ್‌ಟಿಎಲ್‌ಎಸ್ ಎರಡೂ ಸಂಪರ್ಕವನ್ನು ಗೂಢಲಿಪಿಯಲ್ಲಿ ಇಡುವ ಬಗೆಗಳು. ದೊಡ್ಡ ಸೇವೆಗಳಿಗೆ ಥಂಡರ್‌ಬರ್ಡ್ ತಾನೇ ತುಂಬಿಕೊಳ್ಳುವುದರಿಂದ ನಿಮಗೆ ಇವು ಬೇಕಾಗುವುದು ತಾಳೆ ನೋಡುವಾಗ ಮಾತ್ರ.

ಜಿಮೇಲ್: ತರುವುದಕ್ಕೆ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 993, ಎಸ್‌ಎಸ್‌ಎಲ್/ಟಿಎಲ್‌ಎಸ್. ಕಳಿಸುವುದಕ್ಕೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465 ಆದರೆ ಎಸ್‌ಎಸ್‌ಎಲ್/ಟಿಎಲ್‌ಎಸ್, 587 ಆದರೆ ಸ್ಟಾರ್ಟ್‌ಟಿಎಲ್‌ಎಸ್. ಎರಡಕ್ಕೂ ಓಆತ್2.

ಔಟ್‌ಲುಕ್, ಹಾಟ್‌ಮೇಲ್: ತರುವುದಕ್ಕೆ ಔಟ್‌ಲುಕ್ ಡಾಟ್ ಆಫೀಸ್365 ಡಾಟ್ ಕಾಮ್, 993. ಕಳಿಸುವುದಕ್ಕೆ ಎಸ್‌ಎಂಟಿಪಿ ಹೈಫನ್ ಮೇಲ್ ಡಾಟ್ ಔಟ್‌ಲುಕ್ ಡಾಟ್ ಕಾಮ್, 587, ಸ್ಟಾರ್ಟ್‌ಟಿಎಲ್‌ಎಸ್. ಇಲ್ಲೂ ಓಆತ್2 ಮಾತ್ರ. ಒಂದು ಹೆಜ್ಜೆ ಜಾಸ್ತಿ ಇದೆ: ಮೊದಲು ಬ್ರೌಸರ್‌ನಲ್ಲಿ ಲಾಗಿನ್ ಆಗಿ ಮೇಲ್ ಸೆಟ್ಟಿಂಗ್ಸ್‌ನಲ್ಲಿ ಐಮ್ಯಾಪ್ ಬಳಸಲು ಒಪ್ಪಿಗೆ ಇದೆಯೇ ನೋಡಿ, ಇಲ್ಲದಿದ್ದರೆ ಆನ್ ಮಾಡಿ.

ಯಾಹೂ: ಐಮ್ಯಾಪ್ ಡಾಟ್ ಮೇಲ್ ಡಾಟ್ ಯಾಹೂ ಡಾಟ್ ಕಾಮ್, 993. ಕಳಿಸುವುದಕ್ಕೆ ಎಸ್‌ಎಂಟಿಪಿ ಡಾಟ್ ಮೇಲ್ ಡಾಟ್ ಯಾಹೂ ಡಾಟ್ ಕಾಮ್, 465. ಓಆತ್2 ನಡೆಯುತ್ತದೆ, ಆ್ಯಪ್ ಪಾಸ್‌ವರ್ಡೂ ನಡೆಯುತ್ತದೆ.

ಐಕ್ಲೌಡ್‌ಗೆ ಆಪಲ್ ಖಾತೆಯಲ್ಲಿ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಲೇಬೇಕು. ಜೋಹೋದಲ್ಲಿ ಭಾರತದ ಖಾತೆಗಳಿಗೆ ಐಮ್ಯಾಪ್ ಡಾಟ್ ಜೋಹೋ ಡಾಟ್ ಇನ್, ಸ್ವಂತ ಡೊಮೇನ್ (ವಿಳಾಸದಲ್ಲಿ ಆ್ಯಟ್ ಚಿಹ್ನೆಯ ಆಚೆ ಬರುವ ಹೆಸರು) ಇಟ್ಟುಕೊಂಡ ಸಂಸ್ಥೆಗಳಿಗೆ ಐಮ್ಯಾಪ್‌ಪ್ರೊ ಡಾಟ್ ಜೋಹೋ ಡಾಟ್ ಇನ್. ಡೊಮೇನ್‌ಗಾಗಿ ಜೋಹೋದ ಉಚಿತ ಯೋಜನೆ ತೆಗೆದುಕೊಂಡಿದ್ದರೆ ಐಮ್ಯಾಪ್ ಇರುವುದಿಲ್ಲ, ದುಡ್ಡು ಕೊಡುವ ಯೋಜನೆ ಬೇಕು. ಇದು ಗೊತ್ತಿಲ್ಲದೆ ಸೆಟ್ಟಿಂಗ್ಸ್ ಜೊತೆ ಒದ್ದಾಡಿದರೆ ಪ್ರಯೋಜನವಿಲ್ಲ.

ಕಾಲೇಜು, ಕಂಪನಿ ಕೊಟ್ಟ ವಿಳಾಸ ಗೂಗಲ್ ಅಥವಾ ಮೈಕ್ರೋಸಾಫ್ಟ್ ಮೇಲೆಯೇ ನಡೆಯುತ್ತಿದ್ದರೂ ಅಲ್ಲಿನ ಅಡ್ಮಿನ್ ಹೊರಗಿನ ತಂತ್ರಾಂಶಗಳನ್ನು ತಡೆದಿರಬಹುದು. ಆಗ ಲಾಗಿನ್ ಆದ ಮೇಲೆ 'ಅಡ್ಮಿನ್ ಅನುಮತಿ ಬೇಕು' ಎಂದು ಬರುತ್ತದೆ. ಅದನ್ನು ನೀವು ಸರಿಮಾಡಲು ಆಗುವುದಿಲ್ಲ, ಅವರನ್ನೇ ಕೇಳಿ.

ಕೈಯಾರೆ ತುಂಬಬೇಕಾದಾಗ

ಅಂಗಡಿ, ಸಣ್ಣ ಸಂಸ್ಥೆ, ಸಹಕಾರ ಸಂಘದವರು ಸ್ವಂತ ಡೊಮೇನ್ ಕೊಂಡು, ಹೋಸ್ಟಿಂಗ್ ಕಂಪನಿ ಕೊಟ್ಟ ಮೇಲ್ ಬಳಸುತ್ತಿರುತ್ತಾರೆ. ಇಂಥ ಕಡೆ ಥಂಡರ್‌ಬರ್ಡ್‌ಗೆ ವಿವರ ತಾನಾಗಿ ಸಿಗದೆ ಹೋಗಬಹುದು. 'ಕಾನ್ಫಿಗರ್ ಮ್ಯಾನ್ಯುಯಲಿ' ಒತ್ತಿ.

ಒಳಬರುವ ಸರ್ವರ್ ಜಾಗದಲ್ಲಿ ಸಾಮಾನ್ಯವಾಗಿ 'ಮೇಲ್ ಡಾಟ್' ಎಂದು ಹಾಕಿ ನಿಮ್ಮ ಡೊಮೇನ್ ಹೆಸರು ಬರೆಯಬೇಕಾಗುತ್ತದೆ. ಪೋರ್ಟ್ 993, ಭದ್ರತೆ ಎಸ್‌ಎಸ್‌ಎಲ್/ಟಿಎಲ್‌ಎಸ್, ದೃಢೀಕರಣ 'ನಾರ್ಮಲ್ ಪಾಸ್‌ವರ್ಡ್'. ಈ ಹೆಸರು ನೋಡಿ ಭದ್ರತೆ ಇಲ್ಲವೇನೋ ಎಂದುಕೊಳ್ಳಬೇಡಿ, ಸಂಪರ್ಕವೇ ಗೂಢಲಿಪಿಯಲ್ಲಿ ಇರುವುದರಿಂದ ಪಾಸ್‌ವರ್ಡ್ ದಾರಿಯಲ್ಲಿ ಯಾರಿಗೂ ಕಾಣುವುದಿಲ್ಲ. ಯೂಸರ್‌ನೇಮ್ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ ಹಾಕಿ. ತುಂಬಾ ಜನ ಎಡವುವುದು ಇಲ್ಲೇ. ಆ್ಯಟ್ ಚಿಹ್ನೆಯ ಹಿಂದಿನ ಭಾಗವನ್ನಷ್ಟೇ ಥಂಡರ್‌ಬರ್ಡ್ ತುಂಬಿಟ್ಟಿದ್ದರೆ ತಿದ್ದಬೇಕಾಗುತ್ತದೆ.

ಹೊರಹೋಗುವ ಸರ್ವರ್‌ಗೂ ಸಾಮಾನ್ಯವಾಗಿ ಅದೇ ಹೆಸರು. ಪೋರ್ಟ್ 465 ಜೊತೆ ಎಸ್‌ಎಸ್‌ಎಲ್/ಟಿಎಲ್‌ಎಸ್, ಅಥವಾ 587 ಜೊತೆ ಸ್ಟಾರ್ಟ್‌ಟಿಎಲ್‌ಎಸ್. ಈ ಜೋಡಿಗಳನ್ನು ಅದಲುಬದಲು ಮಾಡಬೇಡಿ. 465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಹಾಕಿದರೆ ಸುತ್ತುತ್ತಲೇ ಇರುತ್ತದೆ, ಏನೂ ಆಗುವುದಿಲ್ಲ. ಪೋರ್ಟ್ 25 ಬೇಡವೇ ಬೇಡ. ಅದು ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡಲು ಇರುವುದು, ಮನೆಯ ಇಂಟರ್ನೆಟ್‌ನಲ್ಲಿ ಅದನ್ನು ಎಷ್ಟೋ ಕಡೆ ತಡೆದಿರುತ್ತಾರೆ.

'ರೀ-ಟೆಸ್ಟ್' ಒತ್ತಿ ನೋಡಿ, ಸರಿ ಎಂದರೆ 'ಡನ್'. ಸರ್ಟಿಫಿಕೇಟ್ ಹೆಸರು ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬಂದರೆ ಕಣ್ಣುಮುಚ್ಚಿ ಒಪ್ಪಬೇಡಿ. ಒಂದೇ ಸರ್ವರ್ ಅನ್ನು ನೂರಾರು ಡೊಮೇನ್‌ಗಳು ಹಂಚಿಕೊಂಡಿರುವ ಕಡೆ ಸರ್ಟಿಫಿಕೇಟ್ ಹೋಸ್ಟಿಂಗ್ ಕಂಪನಿಯ ಹೆಸರಿನಲ್ಲಿ ಇರಬಹುದು. ಆಗ ನಿಮ್ಮ ಡೊಮೇನ್ ಬದಲು ಆ ಕಂಪನಿ ಕೊಟ್ಟ ಸರ್ವರ್ ಹೆಸರನ್ನೇ ಹಾಕಿದರೆ ಎಚ್ಚರಿಕೆ ಹೋಗುತ್ತದೆ. ಹೆಸರು ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ, ಮೇಲ್ ಖಾತೆಯ ವಿವರದಲ್ಲಿ ಬರೆದಿರುತ್ತದೆ.

ಸೇರಿಸಿದ ಮೇಲೆ ಪರೀಕ್ಷೆ

ಇನ್‌ಬಾಕ್ಸ್ ತುಂಬಿತು ಎಂದ ಮಾತ್ರಕ್ಕೆ ಮುಗಿಯಲಿಲ್ಲ. ತರುವ ಸರ್ವರ್ ಬೇರೆ, ಕಳಿಸುವ ಸರ್ವರ್ ಬೇರೆ ಎಂದೆನಲ್ಲ. ಮೇಲ್ ಚೆನ್ನಾಗಿ ಬರುತ್ತಿದ್ದು, ಕಳಿಸುವುದು ಮಾತ್ರ ಆಗದೆ ಇರುವುದು ಮಾಮೂಲು. ಪರಿಚಯದವರೊಬ್ಬರಿಗೆ ಒಂದು ಮೇಲ್ ಕಳಿಸಿ, ಅದಕ್ಕೆ ಉತ್ತರ ಬರೆಯಲು ಹೇಳಿ. ಆಮೇಲೆ ಬ್ರೌಸರ್‌ನಲ್ಲಿ ಅದೇ ಖಾತೆ ತೆರೆದು, ಕಳಿಸಿದ ಮೇಲ್ 'ಸೆಂಟ್'‌ನಲ್ಲಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಥಂಡರ್‌ಬರ್ಡ್‌ನ 'ಕಾಪೀಸ್ ಆ್ಯಂಡ್ ಫೋಲ್ಡರ್ಸ್'‌ನಲ್ಲಿ ಸರಿಯಾದ ಸೆಂಟ್ ಫೋಲ್ಡರ್ ಆರಿಸಿ. ಎರಡೆರಡು ಸಲ ಕಂಡರೆ ಅದೇ ಜಾಗದಲ್ಲಿ ಪ್ರತಿ ಇಡುವ ಆಯ್ಕೆ ತೆಗೆಯಿರಿ. ಜಿಮೇಲ್ ಸರ್ವರ್ ಕಳಿಸಿದ್ದರ ಪ್ರತಿಯನ್ನು ತಾನೇ ಇಟ್ಟುಕೊಳ್ಳುತ್ತದೆ.

ಬದಲಿಸಿಕೊಳ್ಳಬೇಕಾದ ಕೆಲವು ಸೆಟ್ಟಿಂಗ್ಸ್

ಎಲ್ಲಕ್ಕಿಂತ ಮುಖ್ಯ 'ಸಿಂಕ್ರನೈಸೇಶನ್ ಆ್ಯಂಡ್ ಸ್ಟೋರೇಜ್'. ಮಾಮೂಲಿಯಾಗಿ ಥಂಡರ್‌ಬರ್ಡ್ ಎಲ್ಲ ಮೇಲ್‌ಗಳನ್ನೂ ಕಂಪ್ಯೂಟರ್‌ಗೆ ಇಳಿಸಿಕೊಳ್ಳುತ್ತದೆ. ಗೂಗಲ್‌ನ ಉಚಿತ ಖಾತೆಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ ಇರುವುದರಿಂದ ಮೇಲ್ ಒಂದೇ ಹತ್ತು ಜಿಬಿ ಇರುವವರೂ ಇದ್ದಾರೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇದನ್ನು ಶುರುಮಾಡಿದರೆ ದಿನದ ಡೇಟಾ ಬೆಳಿಗ್ಗೆಯೇ ಖಾಲಿ. ಹಾಗಾಗಿ ಡೇಟಾ ಕಡಿಮೆ ಇದ್ದರೆ 'ಇತ್ತೀಚಿನ ಇಷ್ಟು ದಿನದ ಮೇಲ್ ಮಾತ್ರ' ಎಂಬ ಅರ್ಥದ ಆಯ್ಕೆ ಮಾಡಿ, 30 ದಿನವೋ ಆರು ತಿಂಗಳೋ ಹಾಕಿ. ಹಳೆಯದು ಸರ್ವರ್‌ನಲ್ಲಿ ಇದ್ದೇ ಇರುತ್ತದೆ, ಬೇಕಾದಾಗ ಒತ್ತಿದರೆ ತೆರೆಯುತ್ತದೆ. ಬ್ರಾಡ್‌ಬ್ಯಾಂಡ್ ಇದ್ದರೆ ಪೂರ್ತಿ ಇಳಿಯಲಿ, ರಾತ್ರಿ ಬಿಟ್ಟು ಮಲಗಿ. ಸಂಸ್ಥೆಗಳು ಬಳಸುವ ಗೂಗಲ್ ವರ್ಕ್‌ಸ್ಪೇಸ್ ಖಾತೆಗಳಲ್ಲಿ ಐಮ್ಯಾಪ್ ಮೂಲಕ ದಿನಕ್ಕೆ 2500 ಎಂಬಿ ಇಳಿಸುವ ಮಿತಿ ಇದೆ, ದೊಡ್ಡ ಪೆಟ್ಟಿಗೆಗೆ ಕೆಲವು ದಿನ ಬೇಕಾಗಬಹುದು.

ಪ್ರಯಾಣಕ್ಕೆ ಹೊರಡುವ ಮೊದಲು, ಅಥವಾ ಕರೆಂಟ್ ಹೋಗುವ ಲಕ್ಷಣ ಕಂಡಾಗ, ಫೈಲ್ ಮೆನುವಿನ 'ಆಫ್‌ಲೈನ್' ಒಳಗೆ 'ಡೌನ್‌ಲೋಡ್/ಸಿಂಕ್ ನೌ' ಒತ್ತಿದರೆ ಬಾಕಿ ಇದ್ದದ್ದೆಲ್ಲ ಇಳಿಯುತ್ತದೆ.

ಜಿಮೇಲ್‌ನವರಿಗೆ ಇನ್ನೊಂದು. ಜಿಮೇಲ್‌ನಲ್ಲಿ ನಿಜವಾದ ಫೋಲ್ಡರ್ ಇಲ್ಲ, ಲೇಬಲ್ ಇದೆ. ಅದಕ್ಕೇ ಒಂದೇ ಮೇಲ್ ಇನ್‌ಬಾಕ್ಸ್‌ನಲ್ಲೂ 'ಆಲ್ ಮೇಲ್'‌ನಲ್ಲೂ ಕಾಣುತ್ತದೆ, ಹುಡುಕಿದಾಗ ಎರಡೆರಡು ಬರುತ್ತದೆ. ಕಿರಿಕಿರಿ ಎನಿಸಿದರೆ ಬ್ರೌಸರ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ನ 'ಲೇಬಲ್ಸ್' ಪುಟಕ್ಕೆ ಹೋಗಿ, 'ಆಲ್ ಮೇಲ್' ಎದುರಿನ 'ಶೋ ಇನ್ ಐಮ್ಯಾಪ್' ಗುರುತು ತೆಗೆಯಿರಿ. ಮೇಲ್ ಅಳಿಯುವುದಿಲ್ಲ, ಥಂಡರ್‌ಬರ್ಡ್‌ಗೆ ಕಾಣುವುದಿಲ್ಲ ಅಷ್ಟೆ.

ಹೊರಗಿನ ಚಿತ್ರಗಳನ್ನು ಥಂಡರ್‌ಬರ್ಡ್ ಮೊದಲಿಂದಲೇ ತಡೆಯುತ್ತದೆ. ಮೇಲ್ ಮೇಲೆ ಹಳದಿ ಪಟ್ಟಿ ಬಂದು ಕೇಳುತ್ತದೆ. ದಯವಿಟ್ಟು ಅದನ್ನು ಪೂರ್ತಿ ಆಫ್ ಮಾಡಬೇಡಿ. ಜಾಹೀರಾತು ಮೇಲ್‌ಗಳಲ್ಲಿ ಕಣ್ಣಿಗೆ ಕಾಣದ ಪುಟ್ಟ ಚಿತ್ರ ಇರುತ್ತದೆ, ಅದು ಇಳಿದ ಕೂಡಲೇ ನೀವು ಮೇಲ್ ತೆರೆದಿರಿ ಎಂದು ಕಳಿಸಿದವರಿಗೆ ಗೊತ್ತಾಗುತ್ತದೆ. ನಂಬುವವರ ಮೇಲ್‌ಗೆ ಮಾತ್ರ ಒಪ್ಪಿಗೆ ಕೊಡಿ.

ಕನ್ನಡ ಅಕ್ಷರ ಸರಿಯಾಗಿ ಕಾಣಬೇಕಾದರೆ

ಈಗಿನ ಕಂಪ್ಯೂಟರ್‌ಗಳಲ್ಲಿ ಯೂನಿಕೋಡ್ ಕನ್ನಡ ತಾನೇ ಸರಿಯಾಗಿ ಬರುತ್ತದೆ. ಅಕ್ಷರ ತೀರಾ ಸಣ್ಣದಾಗಿ ಕಂಡರೆ ಸೆಟ್ಟಿಂಗ್ಸ್‌ನ 'ಜನರಲ್' ಪುಟದಲ್ಲಿ ಫಾಂಟ್ ಭಾಗದ 'ಅಡ್ವಾನ್ಸ್‌ಡ್' ಒತ್ತಿ. ಮೇಲೆ 'ಫಾಂಟ್ಸ್ ಫಾರ್' ಎಂಬ ಪಟ್ಟಿ ಇರುತ್ತದೆ, ಅದರಲ್ಲಿ ಕನ್ನಡ ಆರಿಸಿ, ಕೆಳಗೆ ಫಾಂಟ್ ಮತ್ತು ಗಾತ್ರ ಬದಲಿಸಿ. ಲ್ಯಾಟಿನ್‌ಗೆ ಮಾತ್ರ ಗಾತ್ರ ಹೆಚ್ಚಿಸಿ 'ಕನ್ನಡ ದೊಡ್ಡದಾಗಲಿಲ್ಲ' ಎನ್ನುವವರು ಈ ಪಟ್ಟಿಯನ್ನು ನೋಡಿರುವುದಿಲ್ಲ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇರುತ್ತದೆ. ನೋಟೋ ಸಾನ್ಸ್ ಕನ್ನಡ ಹಾಕಿಕೊಂಡರೆ ಓದಲು ಇನ್ನೂ ಹಿತ ಎಂಬುದು ನನ್ನ ಅಭಿಪ್ರಾಯ.

ಹಳೆಯ ಮೇಲ್ ತೆರೆದಾಗ ಕನ್ನಡದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಂಡರೆ ಥಂಡರ್‌ಬರ್ಡ್ ಕೆಟ್ಟಿಲ್ಲ. ಅದು ಯೂನಿಕೋಡ್ ಬರುವ ಮೊದಲಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬರೆದದ್ದು. ಯಾವ ಸೆಟ್ಟಿಂಗ್ ಬದಲಿಸಿದರೂ ಸರಿಯಾಗುವುದಿಲ್ಲ. ಆ ಭಾಗವನ್ನು ಕಾಪಿ ಮಾಡಿ, ಯೂನಿಕೋಡ್‌ಗೆ ಪರಿವರ್ತಿಸುವ ಸಾಧನದಲ್ಲಿ ಹಾಕಿದರೆ ಓದಬಹುದು.

ತೊಂದರೆ ಬಂದರೆ

ಮೊದಲು ಕೇಳಿಕೊಳ್ಳಿ: ತರುವುದರಲ್ಲಿ ತೊಂದರೆಯೋ, ಕಳಿಸುವುದರಲ್ಲೋ, ಗುರುತು ತೋರಿಸುವುದರಲ್ಲೋ?

ಲಾಗಿನ್ ಕಿಟಕಿ ತೆರೆದು ಮುಚ್ಚಿಹೋಗುತ್ತಿದ್ದರೆ ಅಥವಾ ಮತ್ತೆಮತ್ತೆ ಕೇಳುತ್ತಿದ್ದರೆ ಥಂಡರ್‌ಬರ್ಡ್‌ನ 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ' ಪುಟದಲ್ಲಿ ಕುಕೀಗಳಿಗೆ ಒಪ್ಪಿಗೆ ಇದೆಯೇ ನೋಡಿ. ಕುಕೀ ಎಂದರೆ ತಾಣಗಳು ನಿಮ್ಮ ಕಂಪ್ಯೂಟರ್‌ನಲ್ಲಿ ಇಡುವ ಪುಟ್ಟ ಗುರುತು. ಓಆತ್2ಗೆ ಅದು ಬೇಕು. ಇದ್ದೂ ಆಗದಿದ್ದರೆ ಅದೇ ಪುಟದಲ್ಲಿ 'ಸೇವ್ಡ್ ಪಾಸ್‌ವರ್ಡ್ಸ್' ತೆರೆದು, ಆ ಖಾತೆಗೆ ಸೇರಿದ್ದನ್ನೆಲ್ಲ ತೆಗೆದು, ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ. ಹೊಸದಾಗಿ ಕೇಳುತ್ತದೆ.

ಹಿಂದೆ ಸೇರಿಸಿದ ಖಾತೆ ಇದ್ದಕ್ಕಿದ್ದಂತೆ ನಿಂತಿದ್ದರೆ 'ಸರ್ವರ್ ಸೆಟ್ಟಿಂಗ್ಸ್'‌ನಲ್ಲಿ ದೃಢೀಕರಣ 'ನಾರ್ಮಲ್ ಪಾಸ್‌ವರ್ಡ್' ಎಂದೇ ಉಳಿದಿರಬಹುದು, ಓಆತ್2 ಮಾಡಿ. ಕಳಿಸುವ ಸರ್ವರ್‌ನ ಸೆಟ್ಟಿಂಗ್ ಬೇರೆ ಜಾಗದಲ್ಲಿ, ಎಡಗಡೆ ಪಟ್ಟಿಯ ಕೊನೆಯಲ್ಲಿ, 'ಔಟ್‌ಗೋಯಿಂಗ್ ಸರ್ವರ್' ಎಂದು ಇರುತ್ತದೆ. ಅಲ್ಲೂ ಬದಲಿಸಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಮೇಲ್ ಬರುತ್ತದೆ, ಹೋಗುವುದಿಲ್ಲ.

'ಒಂದೇ ಸಲಕ್ಕೆ ತುಂಬಾ ಸಂಪರ್ಕ' ಎಂಬ ದೂರು ಬಂದರೆ ಕಾರಣ ಸರಳ. ಜಿಮೇಲ್ ಒಂದು ಖಾತೆಗೆ 15 ಐಮ್ಯಾಪ್ ಸಂಪರ್ಕ ಮಾತ್ರ ಕೊಡುತ್ತದೆ, ಥಂಡರ್‌ಬರ್ಡ್ ಒಂದೇ ಐದರವರೆಗೆ ತೆಗೆದುಕೊಳ್ಳುತ್ತದೆ. ಮನೆ, ಕಚೇರಿ, ಲ್ಯಾಪ್‌ಟಾಪ್, ಎರಡು ಮೊಬೈಲ್ ಸೇರಿದರೆ ಮುಗಿಯಿತು. 'ಸರ್ವರ್ ಸೆಟ್ಟಿಂಗ್ಸ್'‌ನ 'ಅಡ್ವಾನ್ಸ್‌ಡ್'‌ನಲ್ಲಿ ಐದನ್ನು ಎರಡಕ್ಕೆ ಇಳಿಸಿ.

ಎಲ್ಲ ಸರಿ ಇದ್ದೂ ಸಂಪರ್ಕವೇ ಆಗದಿದ್ದರೆ ಆ್ಯಂಟಿವೈರಸ್‌ನಲ್ಲಿ ಮೇಲ್ ಪರೀಕ್ಷಿಸುವ ಭಾಗವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ. ಕಚೇರಿಯ ನೆಟ್‌ನಲ್ಲಿ ಆಗದೆ ಮೊಬೈಲ್ ನೆಟ್‌ನಲ್ಲಿ ಆದರೆ ಕಚೇರಿಯ ಫೈರ್‌ವಾಲ್ ಆ ಪೋರ್ಟ್ ಮುಚ್ಚಿದೆ ಎಂದರ್ಥ.

ಹಳೆಯ ಮೇಲ್ ಇಟ್ಟುಕೊಳ್ಳುವುದು, ಬ್ಯಾಕಪ್

ಎಡಗಡೆ ಪಟ್ಟಿಯಲ್ಲಿ ಕೆಳಗೆ 'ಲೋಕಲ್ ಫೋಲ್ಡರ್ಸ್' ಎಂದು ಇದೆ. ಇದು ಯಾವ ಸರ್ವರ್‌ಗೂ ಸೇರಿದ್ದಲ್ಲ, ನಿಮ್ಮ ಡಿಸ್ಕ್‌ನದ್ದು. ಅದರೊಳಗೆ '2019', '2020' ಎಂದು ಫೋಲ್ಡರ್ ಮಾಡಿ, ಆ ವರ್ಷದ ಮೇಲ್‌ಗಳನ್ನು ಆರಿಸಿ ಬಲ ಕ್ಲಿಕ್ ಮಾಡಿ 'ಕಾಪಿ ಟು' ಬಳಸಿ. 'ಮೂವ್' ಬೇಡ, ನಡುವೆ ನೆಟ್ ಹೋದರೆ ತಲೆನೋವು. ನೆಟ್ ಆಫ್ ಮಾಡಿ ಕೆಲವನ್ನು ಅಟ್ಯಾಚ್‌ಮೆಂಟ್ ಸಮೇತ ತೆರೆದು ನೋಡಿ. ಎಲ್ಲ ಬಂದಿದೆ ಎಂದು ಖಾತ್ರಿಯಾದ ಮೇಲೆ, ಅದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟ ಮೇಲೆ, ಸರ್ವರ್‌ನಲ್ಲಿರುವುದನ್ನು ಅಳಿಸಿ. 15 ಜಿಬಿ ತುಂಬಿದೆ ಎಂದು ಎಚ್ಚರಿಕೆ ಬರುತ್ತಿರುವವರಿಗೆ ಇದು ಒಳ್ಳೆಯ ದಾರಿ.

ಬೇರೆ ಡಿಸ್ಕ್‌ಗೆ ಪ್ರತಿ ತೆಗೆಯಲು 'ಹೆಲ್ಪ್' ಮೆನುವಿನ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಪುಟ ತೆರೆಯಿರಿ. ಅಲ್ಲಿ 'ಪ್ರೊಫೈಲ್ ಫೋಲ್ಡರ್' ಎದುರಿನ ಬಟನ್ ಒತ್ತಿದರೆ ಮೇಲ್, ಸೆಟ್ಟಿಂಗ್ಸ್, ವಿಳಾಸ ಪುಸ್ತಕ ಎಲ್ಲ ಇರುವ ಫೋಲ್ಡರ್ ತೆರೆಯುತ್ತದೆ. ಥಂಡರ್‌ಬರ್ಡ್ ಮುಚ್ಚಿ, ಆಮೇಲೆ ಇಡೀ ಫೋಲ್ಡರ್ ಕಾಪಿ ಮಾಡಿ. 'ಟೂಲ್ಸ್' ಮೆನುವಿನಲ್ಲಿ 'ಎಕ್ಸ್‌ಪೋರ್ಟ್' ಕೂಡ ಇದೆ, ಆದರೆ ಅದು 2 ಜಿಬಿಯವರೆಗಿನ ಪ್ರೊಫೈಲ್‌ಗೆ ಮಾತ್ರ. ಆ ಫೋಲ್ಡರ್‌ನಲ್ಲಿ ನಿಮ್ಮ ಪಾಸ್‌ವರ್ಡ್, ಟೋಕನ್‌ಗಳೂ ಇರುತ್ತವೆ. ಹಾಗಾಗಿ ಪೆನ್‌ಡ್ರೈವ್ ಎಲ್ಲೆಂದರಲ್ಲಿ ಬಿಡಬೇಡಿ. ಮನೆಯಲ್ಲಿ, ಅಂಗಡಿಯಲ್ಲಿ ಹಲವರು ಕೂರುವ ಕಂಪ್ಯೂಟರ್ ಆದರೆ 'ಪ್ರೈಮರಿ ಪಾಸ್‌ವರ್ಡ್' ಹಾಕಿ. ಅದು ಇಲ್ಲದಿದ್ದರೆ ಉಳಿಸಿದ ಪಾಸ್‌ವರ್ಡ್‌ಗಳನ್ನು ಯಾರು ಬೇಕಾದರೂ ತೆರೆದು ಓದಬಹುದು.

ಕಂಪ್ಯೂಟರ್ ಮಾರುವಾಗ ಅಥವಾ ಕೆಲಸ ಬಿಟ್ಟು ಹೋಗುವಾಗ 'ಅಕೌಂಟ್ ಸೆಟ್ಟಿಂಗ್ಸ್'‌ನ ಕೆಳಗೆ 'ಅಕೌಂಟ್ ಆ್ಯಕ್ಷನ್ಸ್' ಒತ್ತಿ 'ರಿಮೂವ್ ಅಕೌಂಟ್' ಆರಿಸಿ, ಮೇಲ್ ಡೇಟಾ ತೆಗೆಯುವ ಆಯ್ಕೆಗೂ ಗುರುತು ಹಾಕಿ. ಸರ್ವರ್‌ನಲ್ಲಿರುವ ಮೇಲ್‌ಗೆ ಏನೂ ಆಗುವುದಿಲ್ಲ, ಈ ಕಂಪ್ಯೂಟರ್‌ನ ಪ್ರತಿ ಮಾತ್ರ ಹೋಗುತ್ತದೆ. ಲೋಕಲ್ ಫೋಲ್ಡರ್ಸ್ ಇದರಲ್ಲಿ ಅಳಿಯುವುದಿಲ್ಲ, ಅದನ್ನು ನೀವೇ ಬೇರೆಯಾಗಿ ತೆಗೆಯಬೇಕು. ಆಮೇಲೆ ಮೊಬೈಲ್‌ನಲ್ಲಿ ಗೂಗಲ್ ಖಾತೆಯ ಸೆಕ್ಯುರಿಟಿ ಪುಟ ತೆರೆದು ಥಂಡರ್‌ಬರ್ಡ್‌ಗೆ ಕೊಟ್ಟಿದ್ದ ಅನುಮತಿಯನ್ನು ತೆಗೆದುಹಾಕಿ. ಹೊಸ ಕಂಪ್ಯೂಟರ್‌ನಲ್ಲಿ ಬೇಕಾದಾಗ ಮತ್ತೆ 'ಅಲೋ' ಒತ್ತಿದರಾಯಿತು.